ಮೂರನೇ ಕ್ಲಾಸಿನಲ್ಲೂ 8+5ಕ್ಕೆ ಬೆರಳು ಎಣಿಸುವ ಮಗಳು: ಪ್ರತಿಕ್ರಿಯೆ

ಇಂಗ್ಲಿಷ್ ಮೀಡಿಯಂನಲ್ಲಿ ಓದುವ ನಿಮ್ಮ ಮಗಳಿಗೆ ಡಿಸ್ಕಾಲ್ಕುಲಿಯಾ, ಅಂದರೆ ಸಂಖ್ಯೆ ಮತ್ತು ಲೆಕ್ಕ ಕಲಿಯುವುದರಲ್ಲಿನ ತೊಂದರೆ, ಇರಬಹುದಾ ಅಂತ ಕೇಳಿದ್ದೀರಿ. ಚೆನ್ನಾಗಿ ಓದುವ ಮಗಳು 8+5 ಕೂಡಲು ಈಗಲೂ ಒಂದರಿಂದಲೇ ಬೆರಳು ಎಣಿಸುತ್ತಾಳೆ ಅಂದರೆ ಅದು ಸೋಮಾರಿತನ ಅಲ್ಲ. ಎಂಟು ಅಂದರೆ ಎಷ್ಟು ಅನ್ನುವ ಅಂದಾಜೇ ಅವಳಲ್ಲಿ ಇನ್ನೂ ಕೂತಿಲ್ಲದಿರಬಹುದು. ಡಿಸ್ಕಾಲ್ಕುಲಿಯಾ ಹೌದೋ ಅಲ್ಲವೋ ಅಂತ ಇಷ್ಟರಿಂದಲೇ ಹೇಳಲು ಆಗುವುದಿಲ್ಲ.

ಇಂಗ್ಲಿಷ್ ಮೀಡಿಯಂ ಅಂದಿರಲ್ವಾ, ಮೊದಲು ಅದೇ ಲೆಕ್ಕವನ್ನು ಕನ್ನಡದಲ್ಲಿ ಬಾಯಲ್ಲೇ ಕೇಳಿ. ಥರ್ಟೀನ್, ಥರ್ಟಿ ಕಿವಿಗೆ ಒಂದೇ ಥರ. ಹದಿಮೂರು, ಮೂವತ್ತು ಹಾಗಲ್ಲ. ಕನ್ನಡದಲ್ಲಿ ಸಲೀಸಾದರೆ ತೊಡಕು ಬಹುಶಃ ಭಾಷೆಯದ್ದು.

ಆಮೇಲೆ ನಾಲ್ಕು ಹುಣಸೆ ಬೀಜ ಅಂಗೈಯಲ್ಲಿ ತೋರಿಸಿ ತಕ್ಷಣ ಮುಚ್ಚಿ, ಎಷ್ಟಿತ್ತು ಅಂತ ಕೇಳಿ. ಈ ವಯಸ್ಸಿಗೆ ಮೂರು ನಾಲ್ಕನ್ನು ಎಣಿಸದೆ ಹೇಳಲು ಬರಬೇಕು. 6 ಮತ್ತು 9 ಬರೆದು ಯಾವುದು ಜಾಸ್ತಿ ಅಂತ ಕೇಳಿ. 0ಯಿಂದ 100ರವರೆಗೆ ಖಾಲಿ ಗೆರೆ ಎಳೆದು 50, 90 ಎಲ್ಲಿ ಬರುತ್ತವೆ ಅಂತ ಗುರುತು ಹಾಕಿಸಿ. ಉತ್ತರಕ್ಕಿಂತ ಅವಳು ಎಲ್ಲಿ ತಡವರಿಸುತ್ತಾಳೆ ಅನ್ನುವುದು ಮುಖ್ಯ. ತಾರೀಕು ಹಾಕಿ ಬರೆದಿಡಿ. ದಯವಿಟ್ಟು ಗಡಿಯಾರ ಹಿಡಿದು ಕೂರಬೇಡಿ, ಭಯಕ್ಕೂ ಮಕ್ಕಳು ತಡವರಿಸುತ್ತಾರೆ.

ಎರಡು ತಿಂಗಳು ದಿನಾ ಸ್ವಲ್ಪ ಹೊತ್ತು ಚೌಕಾಬಾರ ಆಡಿಸಿ. ಎಷ್ಟು ಕವಡೆ ಅಂಗಾತ ಬಿದ್ದಿವೆ ಅಂತ ಎಣಿಸದೆ ಹೇಳಲಿ. ಮಗ್ಗಿ ಉರು ಹೊಡೆಸುವುದನ್ನು ಅಲ್ಲಿಯವರೆಗೆ ನಿಲ್ಲಿಸಿ.

ಬದಲಾವಣೆ ಕಾಣದಿದ್ದರೆ ಆ ಬರಹ, ಶಾಲೆಯ ಲೆಕ್ಕದ ನೋಟ್‌ಬುಕ್ ಎರಡನ್ನೂ ತೆಗೆದುಕೊಂಡು ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಹೋಗಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಡಿಸ್ಕಾಲ್ಕುಲಿಯಾ ಪರೀಕ್ಷೆ ಮಾಡುತ್ತಾರೆ. ಅವಳಿಗೆ ಎಂಟು ವರ್ಷ ತುಂಬಿದ್ದರೆ ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಕಾಲ್ಕುಲಿಯಾ ಕೂಡ ಸೇರಿದೆ. ವರದಿ ಇದ್ದರೆ ಶಾಲೆಯ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು.