ನೆಟ್ ಬಿಚ್ಚಿ ಅಕ್ಕಾ, ನೆರಳು ಬೇಕಿರೋದು ಕುಂಡಕ್ಕೆ

ನಮ್ಮ ಗಿಡದ ಗುಂಪಲ್ಲಿ ದಾವಣಗೆರೆ ನಿಟುವಳ್ಳಿಯ ಅಕ್ಕ ಹಾಕಿದ ಫೋಟೋ ನೋಡಿದೆ. ಬೇಸಿಗೆ ಬಿಸಿಲಿಗೆ ಅಂತ ತಾರಸಿ ಮೇಲಿನ ದುಂಡು ಮಲ್ಲಿಗೆಗೆ ನಾಲ್ಕೂ ಕಡೆ ಹಸಿರು ನೆಟ್ ಸುತ್ತಿದ್ದಾರೆ. ದಿನಕ್ಕೆ ಎರಡು ಹೊತ್ತು ನೀರು. ಆದರೂ ಎಲೆ ಅಂಚು ಸುಡುತ್ತಿದೆ, ಮೊಗ್ಗು ಇಲ್ಲ, ‘ಡಿಎಪಿ ಗೊಬ್ಬರ ಹಾಕಲಾ?’ ಅಂತ ಕೇಳಿದ್ದಾರೆ. ಕೆಳಗೆ ಆಗಲೇ ಸುಮಾರು ಜನ ‘ಹಾಕಿ, ಹಾಕಿ’ ಅಂದಾಗಿದೆ. ದಯವಿಟ್ಟು ಹಾಕಬೇಡಿ. ಇದೇ ನೆಟ್ಟು, ಇದೇ ಡಿಎಪಿಯಿಂದ ಒಂದು ಸಾಲು ಮಲ್ಲಿಗೆ ಕಳೆದುಕೊಂಡವನು ನಾನು. ಅದಕ್ಕೇ ಸುಮ್ನೆ ನೋಡಿ ಮುಂದೆ ಹೋಗಲು ಆಗಲಿಲ್ಲ.

ಮೊದಲು ನೆಟ್ ಬಿಚ್ಚಿ. ಮಲ್ಲಿಗೆ ಬಿಸಿಲಿನ ಗಿಡ. ಫೋಟೋ ನೋಡಿದರೆ 75ರ ನೆಟ್, ಅಂದರೆ ನೂರಕ್ಕೆ 75 ಪಾಲು ಬಿಸಿಲು ತಡೆಯೋದು, ಇದ್ದಂಗಿದೆ. ಅದರ ಕೆಳಗೆ ಎಲೆ ಅಗಲ ಆಗುತ್ತದೆ, ಗೆಣ್ಣು ಉದ್ದ ಆಗುತ್ತದೆ, ಹೂವು ಮಾತ್ರ ಇಲ್ಲ. ಗಾಳಿ ಆಡದೆ ಒಳಗೆ ಸೆಕೆ ನಿಂತರೆ ಎಲೆಯ ರಸ ಹೀರುವ ನುಸಿ ಜಾಸ್ತಿ ಆಗುತ್ತದೆ. ನೆಟ್ ಬೇಕೇ ಬೇಕು ಅಂದರೆ 35 ಅಥವಾ 50ರದ್ದು ತಗೊಳ್ಳಿ. ಆಳೆತ್ತರಕ್ಕಿಂತ ಮೇಲೆ ಕಟ್ಟಿ, ಮಗ್ಗುಲು ತೆರೆದಿಡಿ. ಅದನ್ನೂ ಕನಕಾಂಬರಕ್ಕೆ, ಸೇವಂತಿಗೆ ತಾಯಿಗಿಡಕ್ಕೆ, ಕರಿಬೇವಿನ ಸಸಿಗೆ ಕಟ್ಟಿ. ಮಲ್ಲಿಗೆ, ದಾಸವಾಳ, ಕಾಗದದ ಹೂವು ಹೊರಗೇ ಇರಲಿ.

ಹಾಗಾದರೆ ಎಲೆ ಸುಡೋದು ಯಾಕೆ? ಮೇಲಿನ ಬಿಸಿಲಿಂದ ಅಲ್ಲ, ಕೆಳಗಿನ ಕಾವಿನಿಂದ. ಇವತ್ತು ಮಧ್ಯಾಹ್ನ 3 ಗಂಟೆಗೆ ಕುಂಡದ ಪಶ್ಚಿಮದ ಮಗ್ಗುಲಿಗೆ ಅಂಗೈ ಇಟ್ಟು ನೋಡಿ. ಕಪ್ಪು ಪ್ಲಾಸ್ಟಿಕ್ ಪಾಟ್ ಆದರೆ ಕೈ ಇಡೋಕೆ ಆಗಲ್ಲ. ಆ ಗೋಡೆಗೆ ಅಂಟಿಕೊಂಡ ಎಳೆ ಬೇರಿನ ಗತಿ ಏನಾಗಿರಬೇಕು? ನಮ್ಮಲ್ಲಿ ಸೊರಗಿದ ಗಿಡದ ಮಣ್ಣಿನ ಮುದ್ದೆಯನ್ನು ಇಡಿಯಾಗಿ ಎಳೆದು ನೋಡಿದ್ದೆ. ಪೂರ್ವದ ಕಡೆ ಬೇರು ಬೆಳ್ಳಗೆ, ದಪ್ಪಗೆ, ಮುರಿದರೆ ಟಕ್ ಅನ್ನುವಂತೆ ಇತ್ತು. ಪಶ್ಚಿಮದ ಕಡೆ ಎಲ್ಲಾ ಕಂದು. ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತಿತ್ತು. ಅರ್ಧ ಬೇರು ಬೆಂದುಹೋದ ಗಿಡ ಎಷ್ಟು ನೀರು ಹಾಕಿದರೂ ಕುಡಿಯಲ್ಲ. ಮಧ್ಯಾಹ್ನ ಬಾಡಿದ್ದು ನೋಡಿ ನಾವು ಮತ್ತೆ ಹಾಕುತ್ತೇವೆ, ಉಳಿದ ಬೇರೂ ಕೊಳೆಯುತ್ತದೆ. ಅಂಥ ಗಿಡಕ್ಕೆ ಡಿಎಪಿ ಅಂದರೆ ಗಾಯಕ್ಕೆ ಉಪ್ಪು.

ತಾರಸಿ ಅಂದರೆ ಚಿತ್ರದುರ್ಗದ ಕೋಟೆ ಬಂಡೆ ಅಂದುಕೊಳ್ಳಿ. ಹಗಲೆಲ್ಲಾ ಬಿಸಿಲು ಕುಡಿದು ಸಂಜೆ ಏಳಾದರೂ ಕಾವು ಬಿಡುತ್ತಲೇ ಇರುತ್ತದೆ. ಅದರ ಮೇಲೆ ಪಾಟ್ ನೇರ ಇಟ್ಟರೆ ತಳದ ತೂತೂ ಮುಚ್ಚಿತು, ಬೇರೂ ಬೆಂದಿತು.

ನಾನು ಮಾಡೋದು ಹೇಳುತ್ತೇನೆ. ಖರ್ಚು ಕಡಿಮೆ, ಕೆಲಸ ಸ್ವಲ್ಪ ಜಾಸ್ತಿ. ಪಾಟ್ ಕೆಳಗೆ ಎರಡು ಇಟ್ಟಿಗೆ, ನಡುವೆ ಗಾಳಿ ಹೋಗಬೇಕು. ಇಟ್ಟಿಗೆ ಮೇಲೆ ಪಾಟ್‌ಗಿಂತ ನಾಲ್ಕು ಬೆರಳು ದೊಡ್ಡದಾದ ಬಿದಿರು ಬುಟ್ಟಿ. ಹಳೇ ಹಣ್ಣಿನ ಬುಟ್ಟಿ ಮಾರ್ಕೆಟ್‌ನಲ್ಲಿ ಕೇಳಿದರೆ ಸಿಗುತ್ತದೆ. ಅದರೊಳಗೆ ಪಾಟ್ ಕೂರಿಸಿ, ಸುತ್ತ ಉಳಿದ ಸಂದಿಗೆ ಅಡಿಕೆ ಸಿಪ್ಪೆ ತುರುಕಿ. ಚನ್ನಗಿರಿ, ಹೊನ್ನಾಳಿ ಕಡೆ ನೆಂಟರಿದ್ದರೆ ಚೀಲಗಟ್ಟಲೆ ಸುಮ್ನೆ ಕೊಡುತ್ತಾರೆ, ರಸ್ತೆ ಬದಿ ಸುಡೋದೇ ಜಾಸ್ತಿ. ಸಿಪ್ಪೆ ಇಲ್ಲದಿದ್ದರೆ ತೆಂಗಿನ ನಾರು, ಅದೂ ಇಲ್ಲದಿದ್ದರೆ ಗೋಣಿಚೀಲ ಎರಡು ಸುತ್ತು. ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಈ ಸಿಪ್ಪೆಗೂ ಒಂದು ಚೊಂಬು. ಅದು ಆರುತ್ತಾ ಆರುತ್ತಾ ಪಾಟ್ ತಂಪಾಗಿಡುತ್ತದೆ. ಮಧ್ಯಾಹ್ನ ಸಂದಿಯಲ್ಲಿ ಬೆರಳು ಇಟ್ಟರೆ ನಿಮಗೇ ಗೊತ್ತಾಗುತ್ತದೆ.

ಮಣ್ಣಿನ ಮೇಲೂ ಎರಡು ಇಂಚು ಸಿಪ್ಪೆ ಹಾಸಿ, ಆದರೆ ಕಾಂಡಕ್ಕೆ ತಾಗಬಾರದು, ಸುತ್ತ ಮೂರು ಬೆರಳು ಬಿಡಿ. ಭತ್ತದ ಹೊಟ್ಟೂ ಆಗುತ್ತದೆ, ನಮ್ಮೂರಲ್ಲಿ ರೈಸ್‌ಮಿಲ್‌ಗೆ ಬರ ಇಲ್ಲ. ಗಾಳಿಗೆ ಹಾರಿ ಪಕ್ಕದ ಮನೆಯವರ ಒಣಗಿದ ಬಟ್ಟೆ ಮೇಲೆ ಕೂತರೆ ಜಗಳಕ್ಕೆ ನಾನು ಬರಲ್ಲ. ಜೊಳ್ಳಿನ ಜೊತೆ ಗಟ್ಟಿ ಕಾಳು ಉಳಿದಿದ್ದರೆ ಇಲಿಯೂ ಬರುತ್ತದೆ, ಭತ್ತದ ಪೈರೂ ಬರುತ್ತದೆ. ನೆಲದ ಮೇಲೆ ಗಿಡ ಇರುವವರು ಅಡಿಕೆ ಸಿಪ್ಪೆಗೆ ಗೆದ್ದಲು ಹತ್ತುತ್ತದಾ ಅಂತ ಆಗಾಗ ಎತ್ತಿ ನೋಡಿ. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಇದೆ, ಅದೂ ಒಳ್ಳೇದೇ.

ಬೂದಿ ಹಾಕಿ ಅಂತ ಒಬ್ಬರು ಬರೆದಿದ್ದಾರೆ. ಯಾಕ್ರೀ? ಮಲೆನಾಡಿನ ಹುಳಿ ಮಣ್ಣಿಗೆ ಬೂದಿ ಸರಿ. ನಮ್ಮದು ಎರೆ ಮಣ್ಣು, ಮೇಲಿಂದ ಸುಣ್ಣದ ಬೋರ್ ನೀರು. ಮೊದಲೇ ಸವುಳು (ಕ್ಷಾರ) ಜಾಸ್ತಿ, ಒಲೆ ಬೂದಿ ಸುರಿದರೆ ಇನ್ನೂ ಏರುತ್ತದೆ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಕಾಣುತ್ತಿದೆಯಾ? ಅದು ಗೊಬ್ಬರದ ಕೊರತೆ ಅಲ್ಲ. ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ. ಕಾರ್ಪೊರೇಷನ್ ನೀರು ಬಂದ ದಿನ ಒಂದು ಡ್ರಮ್ ಗಿಡಕ್ಕೆ ಅಂತಲೇ ಹಿಡಿದಿಡಿ, ಅದು ಹೊಳೆ ಮತ್ತು ನಾಲೆಯ ನೀರು. ಎಸಿಯಿಂದ ಸುರಿಯುವ ನೀರನ್ನೂ ಹಾಕಬಹುದು, ಅದರಲ್ಲಿ ಉಪ್ಪಿರಲ್ಲ. ಆರ್‌ಒ ಮೆಷಿನ್ನಿನ ವೇಸ್ಟ್ ನೀರು ಮಾತ್ರ ಕುಂಡಕ್ಕೆ ಬೇಡವೇ ಬೇಡ. ನೀರು ಉಳಿಸಿದ ಸಮಾಧಾನಕ್ಕೆ ಗಿಡ ಸಾಯಿಸಬೇಡಿ. ಅದರಲ್ಲಿ ನೆಲ ಒರೆಸಿ.

ನೀರು ಬೆಳಿಗ್ಗೆ ಏಳರೊಳಗೆ. ತಳದ ತೂತಿನಿಂದ ಇಳಿಯುವವರೆಗೂ ಹಾಕಿ, ಮತ್ತೆ ಸಂಜೆ ಬೆರಳು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಇನ್ನೊಮ್ಮೆ. ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಟೀ ಬಿಸಿ ಇರುತ್ತದೆ, ಅದನ್ನು ಬಕೆಟ್‌ಗೆ ಬಿಟ್ಟು ಆಮೇಲೆ ಗಿಡಕ್ಕೆ ತಿರುಗಿಸಿ. ಇದು ಎಲ್ಲರಿಗೂ ಗೊತ್ತು, ಆದರೂ ಯಾರೂ ಮಾಡಲ್ಲ.

ಈಗ ಕತ್ತರಿ. ಪೂರ್ತಿ ಬೋಳಿಸೋದು ಚಳಿಗಾಲದ ಕೆಲಸ, ನವೆಂಬರ್ ಕೊನೆ, ಡಿಸೆಂಬರ್. ಏಪ್ರಿಲ್‌ನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ ‘ಚಿಗುರಲಿಲ್ಲ’ ಅಂತ ಫೋಟೋ ಹಾಕಬೇಡಿ. ಈಗ ಹೂ ಬಿಟ್ಟು ಮುಗಿದ ತುದಿಯನ್ನು ಎರಡು ಜೊತೆ ಎಲೆ ಸೇರಿಸಿ ಚಿವುಟಿದರೆ ಸಾಕು. ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು, ಬಂದರೆ ಮೂರು ಮೂರು ಒಟ್ಟಿಗೆ. ನಿಮ್ಮ ಗಿಡ ಬೇರು ಚೇತರಿಸಿಕೊಳ್ಳುವವರೆಗೆ ಅದನ್ನೂ ಮಾಡಬೇಡಿ. ಪಾಟ್ ಬದಲಾಯಿಸೋದು ಮಳೆ ಹಿಡಿದ ಮೇಲೆ.

ಗೊಬ್ಬರ ಹೊಸ ಚಿಗುರು ಕಂಡ ಮೇಲೆ. ಬೇವಿನ ಹಿಂಡಿ ಒಂದು ಹಿಡಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಎರಡು ಹಿಡಿ, ಮಣ್ಣು ಒದ್ದೆ ಇದ್ದಾಗ. ಆನ್‌ಲೈನ್‌ನಲ್ಲಿ ‘ಮಲ್ಲಿಗೆ ಸ್ಪೆಷಲ್’ ಅಂತ ಬಣ್ಣದ ಪ್ಯಾಕೆಟ್ ಬರುತ್ತಲ್ಲ, ಹಿಂದೆ ತಿರುಗಿಸಿ ಓದಿ. ಬಹಳಷ್ಟು ಸಲ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ, ಇರುತ್ತದೆ. ಅದೇ ಸರಕು ಗೊಬ್ಬರದ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಡಿಎಪಿಯೂ ಅಷ್ಟೇ, ಯಾವ ಕಂಪನಿ ಚೀಲ ಆದರೂ 18:46 (ಸಾರಜನಕ 18, ರಂಜಕ 46). ಕಂಪನಿ ಹೆಸರಿಗೆ ಜಗಳ ಆಡಬೇಡಿ.

ನುಸಿ ಬಂದಿದೆಯಾ ಅಂತ ನೋಡೋದಕ್ಕೆ ಎಲೆ ಹಿಂಭಾಗ ಬಿಳಿ ಹಾಳೆ ಮೇಲೆ ಕೊಡವಿ. ಚುಕ್ಕೆ ಓಡಾಡಿದರೆ ನುಸಿ. ಮೊದಲು ಬರೀ ನೀರನ್ನು ಜೋರಾಗಿ ಎಲೆಯ ಅಡಿಗೆ ಹೊಡೆಯಿರಿ, ಬೆಳಿಗ್ಗೆ, ವಾರದಲ್ಲಿ ಎರಡು ಮೂರು ದಿನ. ಅರ್ಧ ಕಾಟ ಅದರಲ್ಲೇ ಹೋಗುತ್ತದೆ. ಬೇವಿನೆಣ್ಣೆ ಲೀಟರ್‌ಗೆ 5 ಎಂಎಲ್, ಸೋಪು ಸೇರಿಸಿ, ಸೂರ್ಯ ಮುಳುಗಿದ ಮೇಲೆ. ಗಂಧಕದ ಪುಡಿಯೂ ನುಸಿಗೆ ಒಳ್ಳೇ ಮದ್ದು. ಸಲ್ಫೆಕ್ಸ್ ಆಗಲಿ ಬೇರೆ ಆಗಲಿ, 80% ನೀರಲ್ಲಿ ಬೆರೆಯುವ ಗಂಧಕ ಅಂತಿದ್ದರೆ ನನಗೆ ಎಲ್ಲಾ ಒಂದೇ. ಆದರೆ ನಮ್ಮ 38–40 ಡಿಗ್ರಿ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆದರೂ ಸುಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಗಂಧಕದ ಸಹವಾಸ ಬೇಡ.

ಇನ್ನೊಂದು ಕೇಳಿದ್ದೀರಿ, ಸೇವಂತಿಗೆ ಯಾಕೆ ಹೂ ಬಿಡುತ್ತಿಲ್ಲ ಅಂತ. ಬಿಡಲ್ಲ. ಹಗಲು ಚಿಕ್ಕದಾದಾಗಲೇ ಅದಕ್ಕೆ ಮೊಗ್ಗು. ಈಗ ಬದುಕಿಸಿಕೊಂಡರೆ ಸಾಕು. ಬೇಸಿಗೆಗೆ ಬಣ್ಣ ಬೇಕಾದರೆ ಟೇಬಲ್ ರೋಸ್, ಜಿನಿಯಾ, ಕಾಶಿ ಕಣಗಲೆ ಹಾಕಿ. ಟೇಬಲ್ ರೋಸ್‌ಗೆ ನೀರು ಕಡಿಮೆಯಾದಷ್ಟೂ ಖುಷಿ, ಮಕ್ಕಳ ಕೈಲಿ ಒಂದು ತುಂಡು ಮುರಿಸಿ ಮಣ್ಣಿಗೆ ಚುಚ್ಚಿಸಿದರೂ ಬರುತ್ತದೆ.

ಮಕ್ಕಳಿಗೆ ರಜೆ, ನಾಲ್ಕು ದಿನ ಹೊರಗೆ ಹೋದರೆ ಗಿಡದ ಗತಿ ಏನು ಅಂತಲೂ ಇತ್ತು. ದೊಡ್ಡ ಪಾಟ್ ಇದ್ದರೆ ಮಣ್ಣಿನ ಕುಡಿಕೆ ಹೂಳಿ. ಕುತ್ತಿಗೆವರೆಗೂ ಹೂತು, ನೀರು ತುಂಬಿ, ಮುಚ್ಚಳ ಹಾಕಿದರೆ ಮಣ್ಣು ಒಣಗಿದಂತೆ ತಾನಾಗೇ ಒಸರುತ್ತದೆ. ಕೊಳ್ಳುವ ಮುಂಚೆ ನೀರು ತುಂಬಿಸಿ ಸ್ವಲ್ಪ ಹೊತ್ತು ನೋಡಿ, ಹೊರಮೈ ಬೆವರಬೇಕು. ಪೇಂಟ್ ಹೊಡೆದದ್ದು ಬೇಡ. ಬೋರ್ ನೀರು ತುಂಬಿಸುತ್ತಾ ಹೋದರೆ ಬಿಳಿ ಸುಣ್ಣ ಕಟ್ಟಿ ಒಸರೋದು ನಿಲ್ಲುತ್ತದೆ, ಹುಣಸೆ ಹುಳಿ ಹಾಕಿ ತಿಕ್ಕಿ. ಸಣ್ಣ ಪಾಟ್‌ಗಳನ್ನು ನೀರಿನ ಟ್ಯಾಂಕಿನ ಪೂರ್ವದ ಮಗ್ಗುಲಿಗೆ ಒತ್ತೊತ್ತಾಗಿ ಜೋಡಿಸಿ, ಮಧ್ಯಾಹ್ನದ ಮೇಲೆ ನೆರಳು ಸಿಗುತ್ತದೆ.

ಹಾಗೆ ನೋಡಿದರೆ ನಾಲ್ಕು ದಿನ ಹೋಗುವ ಅಗತ್ಯವೇ ಇಲ್ಲ. ಬೆಳಿಗ್ಗೆ ನೀರು ಹಾಕಿ ಹೊರಟು ಸಂಜೆ ಮನೆಗೆ ಬರೋ ಜಾಗ ನಮ್ಮಲ್ಲಿ ಕಡಿಮೆಯಾ? ಸೂಳೆಕೆರೆ ಏರಿ ಮೇಲೆ ಬಿಸಿಲು ಏರುವ ಮುಂಚೆ ನಿಂತರೆ ಗಾಳಿಯೇ ಬೇರೆ. ಕೊಂಡಜ್ಜಿ ಕೆರೆ ಇನ್ನೂ ಹತ್ತಿರ. ದುರ್ಗಕ್ಕೆ ಹೋದರೆ ಕೋಟೆ ಬೆಳಿಗ್ಗೆಯೇ ಹತ್ತಿ ಇಳಿದುಬಿಡಿ, ಮಧ್ಯಾಹ್ನ ಚಂದ್ರವಳ್ಳಿಯ ಗುಹೆಯೊಳಗೆ ತಂಪು. ಹಿರಿಯೂರಿನ ವಾಣಿವಿಲಾಸ ಸಾಗರ 1907ರ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬೀಳೋಕೆ 2022ರವರೆಗೆ ಕಾಯಬೇಕಾಯಿತು, ಮಕ್ಕಳಿಗೆ ತೋರಿಸಿ. ದೂರ ಬೇಡ ಅಂದರೆ ಸಂಜೆ ನಮ್ಮ ದಾವಣಗೆರೆಯ ಗಾಜಿನ ಮನೆ, ಬರುತ್ತಾ ಮಂಡಕ್ಕಿ ಮಿರ್ಚಿ.

ದುರ್ಗದ ಪಕ್ಕದ ಜೋಗಿಮಟ್ಟಿಗೆ ಹೋದವರು ದಯವಿಟ್ಟು ಅಲ್ಲಿಂದ ಗಿಡ ಕಿತ್ತು ತರಬೇಡಿ. ಹೋದ ತಿಂಗಳು ಒಬ್ಬರು ಇದೇ ಗುಂಪಲ್ಲಿ ಹೆಮ್ಮೆಯಿಂದ ಫೋಟೋ ಹಾಕಿದ್ದರು. ಅದು ಅರಣ್ಯ ಇಲಾಖೆಯ ಕಾಡು, ಕೇಸ್ ಆಗುತ್ತದೆ. ಕಕ್ಕೆ ಹೂ ಬಿಟ್ಟಿದ್ದರೆ ಮರದ ಕೆಳಗೆ ನಿಂತು ನೋಡಿ ಬನ್ನಿ. ಕೆರೆ ಗೋಡು (ಕೆರೆಯ ಹೂಳು ಮಣ್ಣು) ತರುವವರಿಗೂ ಒಂದು ಮಾತು: ಹೊಲಕ್ಕೆ ಅದು ಚಿನ್ನ, ಪಾಟ್‌ಗೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಒಣಗಿದರೆ ಬಿರಿಯುತ್ತದೆ, ಒದ್ದೆಯಾದರೆ ಗಾಳಿ ಆಡಲ್ಲ.

ಅಕ್ಕಾ, ನೆಟ್ ಬಿಚ್ಚಿದ ಮೇಲೆ ಒಂದೇ ಸಲ ಉರಿ ಬಿಸಿಲಿಗೆ ಬಿಡಬೇಡಿ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ ಕೊಡಿ. ಮುಂದಿನ ಫೋಟೋ ಎಲೆಯ ಹಿಂಭಾಗದ್ದು ಹಾಕಿ, ಜೊತೆಗೆ ಬೇರಿನದ್ದೂ ಹಾಕಿ. ಚಳ್ಳಕೆರೆಯವರು ಯಾರಾದರೂ ಇದ್ದರೆ ಗಾಣದಲ್ಲಿ ಬೇವಿನ ಹಿಂಡಿ ಈಗ ಕೆಜಿಗೆ ಎಷ್ಟು ನಡೀತಿದೆ ಅಂತ ಕೆಳಗೆ ತಿಳಿಸಿ, ನನಗೂ ಒಂದು ಚೀಲ ಬೇಕು.