ಕ್ಯಾಂಪಿನ ಸಾಹೇಬರು ಯಾವ ಸರ್ಕಾರದವರು?

ಓದುಗರ ಪತ್ರ: ‘ಕಳೆದ ಸಂಚಿಕೆಯಲ್ಲಿ ಬೈಲಕುಪ್ಪೆ ಟಿಬೆಟನ್ ಕ್ಯಾಂಪಿನ ಸೆಟ್ಲ್‌ಮೆಂಟ್ ಆಫೀಸರ್ ಒಬ್ಬರಿಗೆ ವರ್ಗವಾದ ಸುದ್ದಿ ಹಾಕಿ, ಅವರನ್ನು “ಹಿರಿಯ ಸರ್ಕಾರಿ ಅಧಿಕಾರಿ” ಎಂದಿದ್ದೀರಿ. ಯಾವ ಸರ್ಕಾರ? ನಮ್ಮ ಅಂಗಡಿ ಸಾಲಿನಲ್ಲಿ ಒಬ್ಬರು ಐಎಎಸ್ ಅಂತಾರೆ, ಇನ್ನೊಬ್ಬರು ಲಾಮಾ ಅಂತಾರೆ. ಅವರು ಹೇಳಿದ್ದನ್ನು ಅಲ್ಲಿನ ಗೋಲ್ಡನ್ ಟೆಂಪಲ್ ಮಠದವರು ಕೇಳಲೇಬೇಕಾ? ನಮ್ಮ ಮುಜರಾಯಿ ಇಲಾಖೆಯ ಥರ ಏನಾದರೂ ಇದೆಯಾ? ಬಿಡಿಸಿ ಬರೆಯಿರಿ.’ – ಓದುಗರೊಬ್ಬರು, ಕುಶಾಲನಗರ

ಸಂಪಾದಕರ ಉತ್ತರ:

ತಪ್ಪು ನಮ್ಮದೇ. ‘ಸರ್ಕಾರಿ’ ಅನ್ನುವ ಪದ ಕೈಗೆ ಸುಲಭಕ್ಕೆ ಸಿಕ್ಕಿತು, ಹಾಕಿಬಿಟ್ಟೆವು. ನೀವು ಹಿಡಿದದ್ದು ಒಂದು ತಪ್ಪು. ಹಿಡಿಯದೆ ಬಿಟ್ಟ ಇನ್ನೊಂದಿದೆ. ಅದೇ ಸುದ್ದಿಗೆ ‘ಕೊಡಗಿನ ಟಿಬೆಟನ್ ಕ್ಯಾಂಪ್’ ಎಂದು ತಲೆಬರಹ ಕೊಟ್ಟಿದ್ದೆವು. ಬೈಲಕುಪ್ಪೆ ಇರುವುದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಿಮ್ಮೂರ ಕಾವೇರಿ ಸೇತುವೆ ದಾಟಿ ಕೊಪ್ಪಕ್ಕೆ ಕಾಲಿಟ್ಟರೆ ಕೊಡಗು ಮುಗಿಯಿತು. ಪ್ರವಾಸಿಗರಿಗೆ ಪ್ಯಾಕೇಜ್ ಮಾರುವವರು ಗೋಲ್ಡನ್ ಟೆಂಪಲನ್ನು ಎಂದೋ ಕೊಡಗಿಗೆ ಸೇರಿಸಿಕೊಂಡಿದ್ದಾರೆ. ನಾವೂ ಅವರ ಜೊತೆ ಸೇರಬೇಕಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಸೆಟ್ಲ್‌ಮೆಂಟ್ ಆಫೀಸರ್, ಅಂದರೆ ಕ್ಯಾಂಪಿನ ಆಡಳಿತ ನೋಡಿಕೊಳ್ಳುವವರು, ಐಎಎಸ್ ಅಲ್ಲ, ಕೆಎಎಸ್ಸೂ ಅಲ್ಲ, ಲಾಮಾ ಆಗಿರಬೇಕೆಂಬ ನಿಯಮವೂ ಇಲ್ಲ. ಅವರನ್ನು ನೇಮಿಸುವುದು, ಎತ್ತಂಗಡಿ ಮಾಡುವುದು ಧರ್ಮಶಾಲೆಯಲ್ಲಿರುವ ಕೇಂದ್ರ ಟಿಬೆಟನ್ ಆಡಳಿತ. ದಲೈ ಲಾಮಾ 1959ರಲ್ಲಿ ಗಡಿ ದಾಟಿ ಬಂದ ಮೇಲೆ ಕಟ್ಟಿದ ವ್ಯವಸ್ಥೆ ಅದು. ಅದಕ್ಕೆ ಚುನಾಯಿತ ಸಂಸತ್ತಿದೆ, ಕಶಾಗ್ ಎಂಬ ಸಂಪುಟವಿದೆ, ಸಿಕ್ಯೋಂಗ್ ಎಂಬ ಮುಖ್ಯಸ್ಥರಿದ್ದಾರೆ. 2021ರಲ್ಲಿ ಆ ಹುದ್ದೆಗೆ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಓದಿದ್ದು ಬೈಲಕುಪ್ಪೆಯ ಶಾಲೆಯಲ್ಲೇ. ಇಷ್ಟೆಲ್ಲ ಇದ್ದರೂ ಅದನ್ನು ಸರ್ಕಾರ ಎಂದು ಭಾರತ ಮಾನ್ಯ ಮಾಡಿಲ್ಲ. ನಮ್ಮ ‘ಸರ್ಕಾರಿ’ ಬಿದ್ದುಹೋಗುವುದು ಇಲ್ಲೇ.

ನೌಕರಿ ಮಾತ್ರ ಅಪ್ಪಟ ನೌಕರಿಯೇ. ಆ ಆಡಳಿತಕ್ಕೆ 1991ರಲ್ಲಿ ಒಪ್ಪಿಕೊಂಡ ಒಂದು ಸಂವಿಧಾನ ಪತ್ರವಿದೆ, ಸ್ವತಂತ್ರವಾದ ಲೋಕಸೇವಾ ಆಯೋಗವಿದೆ. ಪರೀಕ್ಷೆ, ಬಡ್ತಿ, ವರ್ಗ, ನಿವೃತ್ತಿ ಎಲ್ಲ ನಮ್ಮಲ್ಲಿದ್ದ ಹಾಗೇ. ಸೆಟ್ಲ್‌ಮೆಂಟ್ ಆಫೀಸರ್ ಅಲ್ಲಿನ ಗೃಹ ಇಲಾಖೆಯ ಕೆಳಗೆ ಬರುತ್ತಾರೆ. ಗೃಹ ಇಲಾಖೆ ಅಂದ ಕೂಡಲೇ ನಮಗೆ ಕಾಣುವುದು ಖಾಕಿ. ಅವರ ಗೃಹ ಇಲಾಖೆಗೆ ಒಬ್ಬ ಕಾನ್‌ಸ್ಟೆಬಲ್ಲೂ ಇಲ್ಲ; ಮನೆ, ಹೊಲ, ಸಹಕಾರ ಸಂಘ, ವೃದ್ಧಾಶ್ರಮ ನೋಡಿಕೊಳ್ಳುವ ಇಲಾಖೆ ಅದು. ವರ್ಗದ ಭೂಪಟ ನೋಡಿದರೆ ನಮ್ಮ ತಾಲ್ಲೂಕು ನೌಕರರು ಬೆಚ್ಚಿಬೀಳಬೇಕು. ಕರ್ನಾಟಕದ ಒಳಗೇ ಬೈಲಕುಪ್ಪೆ, ಹುಣಸೂರು, ಮುಂಡಗೋಡ, ಕೊಳ್ಳೇಗಾಲದ ಒಡೆಯರಪಾಳ್ಯ. ಆಚೆಗೆ ಛತ್ತೀಸಗಡದ ಮೈನ್‌ಪಾಟ್, ಒಡಿಶಾದ ಚಂದ್ರಗಿರಿ, ಅರುಣಾಚಲ, ಲಡಾಖ್. ಮಡಿಕೇರಿಯಿಂದ ವಿರಾಜಪೇಟೆಗೆ ಹಾಕಿದರೇ ಶಿಫಾರಸು ಪತ್ರ ಹಿಡಿದು ಓಡುವವರನ್ನು ನಾನು ಬಲ್ಲೆ.

ಲಾಮಾ ಅಂದವರ ಮಾತಲ್ಲೂ ಹುರುಳಿಲ್ಲದೆ ಇಲ್ಲ. ಟಿಬೆಟ್ಟಿನ ರಾಜಧಾನಿ ಲಾಸಾದ ಹಳೆಯ ಆಡಳಿತದಲ್ಲಿ ಅಧಿಕಾರಿಗಳ ಎರಡು ಸಾಲಿತ್ತು: ಗೃಹಸ್ಥರದ್ದೊಂದು, ಭಿಕ್ಷುಗಳದ್ದೊಂದು. ಭಿಕ್ಷು ಅಧಿಕಾರಿಗಳಾಗುವವರಿಗೆ ಪೋತಲ ಅರಮನೆಯಲ್ಲೇ ಪಾಠಶಾಲೆ. ಮಠಗಳ ವ್ಯವಹಾರ ನೋಡಿಕೊಳ್ಳಲು ಯಿಗ್‌ತ್ಸಾಂಗ್ ಎಂಬ ಪ್ರತ್ಯೇಕ ಕಚೇರಿ, ಅದರ ಮೇಲೆ ನಾಲ್ವರು ಭಿಕ್ಷು ಅಧಿಕಾರಿಗಳು. ಜಪಮಾಲೆ ಹಿಡಿದ ಕೈಯಲ್ಲೇ ಕಡತ. ಇಲ್ಲಿಗೆ ಬಂದ ಮೇಲೆ ಆ ಎರಡು ಸಾಲಿನ ಪದ್ಧತಿ ಉಳಿಯಲಿಲ್ಲ, ಮಠಗಳ ಕೆಲಸ ಧರ್ಮ ಮತ್ತು ಸಂಸ್ಕೃತಿ ಇಲಾಖೆಗೆ ಹೋಯಿತು. ಭಿಕ್ಷುಗಳಿಗೆ ಬಾಗಿಲು ಮುಚ್ಚಿದ್ದಾರೆಂದಲ್ಲ. 2001ರಲ್ಲಿ ಜನರೇ ನೇರವಾಗಿ ಓಟು ಹಾಕಿ ಸಂಪುಟದ ಮುಖ್ಯಸ್ಥರನ್ನಾಗಿ ಆರಿಸಿದ್ದು ಸಾಮ್‌ಧೋಂಗ್ ರಿಂಪೋಚೆಯವರನ್ನು, ಅವರು ಭಿಕ್ಷು.

ಮುಜರಾಯಿ ಹೋಲಿಕೆ ಮಾತ್ರ ನಡೆಯುವುದಿಲ್ಲ. ನಮ್ಮ ಭಾಗಮಂಡಲಕ್ಕೆ ಇಲಾಖೆಯ ಕಾರ್ಯನಿರ್ವಹಣಾಧಿಕಾರಿ ಇದ್ದಾರೆ, ಹುಂಡಿ ಎಣಿಸುವಾಗ ಅಧಿಕಾರಿಗಳು ಎದುರಿಗೆ ಕೂತಿರುತ್ತಾರೆ. ಬೈಲಕುಪ್ಪೆಯಲ್ಲಿ ಮಠದ ಕಾಣಿಕೆ ಮಠಕ್ಕೆ. ನೀವು ಗೋಲ್ಡನ್ ಟೆಂಪಲ್ ಎನ್ನುವ ನಾಮ್‌ಡ್ರೋಲಿಂಗ್, ಪೆನೋರ್ ರಿಂಪೋಚೆ 1963ರಲ್ಲಿ ಶುರುಮಾಡಿದ್ದು; ಟಿಬೆಟನ್ ಬೌದ್ಧರ ನ್ಯಿಂಗ್ಮಾ ಪಂಥದ ಪಾಲ್ಯುಲ್ ಪರಂಪರೆಗೆ ಸೇರಿದ್ದು. ಅದರ ಆಡಳಿತ ಆ ಪರಂಪರೆಯ ಕೈಯಲ್ಲೇ ಇದೆ. ಬೈಲಕುಪ್ಪೆಯ ಇನ್ನೊಂದು ಮಠ ಸೆರಾದ್ದು ಬೇರೆ ಕಥೆ. ಅದರ ಮೂಲ 1419ರಲ್ಲಿ, ಲಾಸಾದ ಪಕ್ಕ. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರು ಜೈಲು ಮಾಡಿಕೊಂಡಿದ್ದ ಕೋಟೆಯೊಳಗೆ ಹತ್ತಿರ ಹತ್ತಿರ ಹತ್ತು ವರ್ಷ ಕಳೆದರು. ಎಷ್ಟೋ ಜನ ಕ್ಷಯಕ್ಕೆ ತುತ್ತಾದರು. ಉಳಿದವರಲ್ಲಿ ಸುಮಾರು ಮುನ್ನೂರು ಮಂದಿ 1970ರ ಹೊತ್ತಿಗೆ ಬೈಲಕುಪ್ಪೆಗೆ ಬಂದು, ಕಾಡು ಕಡಿದು, ತಾವೇ ಜೋಳ ಬಿತ್ತಿ ಮಠ ಕಟ್ಟಿದರು. ಹಾಗೆ ಬೆವರು ಸುರಿಸಿ ಕಟ್ಟಿದವರಿಗೆ ಧರ್ಮಶಾಲೆಯಿಂದ ಬಂದ ಅಧಿಕಾರಿಯೊಬ್ಬ ‘ಹೀಗೆ ಮಾಡಿ’ ಎಂದು ಆಜ್ಞೆ ಹೊರಡಿಸಲು ಆಗುತ್ತದೆಯೇ? ಕೇಳಿಕೊಳ್ಳಬಹುದು ಅಷ್ಟೆ. ಹೊಸ ಕಟ್ಟಡಕ್ಕೆ ಪಂಚಾಯಿತಿ ಏನನ್ನುತ್ತದೆ, ದೊಡ್ಡ ಪೂಜೆಗೆ ಪೊಲೀಸ್ ಬಂದೋಬಸ್ತ್ ಎಷ್ಟು, ಕ್ಯಾಂಪಿನಲ್ಲಿ ಉಳಿಯಬೇಕೆನ್ನುವ ವಿದೇಶಿ ಭಕ್ತರಿಗೆ ಪಿಎಪಿ (ಸಂರಕ್ಷಿತ ಪ್ರದೇಶ ಪ್ರವೇಶದ) ಪರವಾನಗಿ ಬಂತೇ – ಇವೆಲ್ಲದರಲ್ಲೂ ಮಠಕ್ಕೂ ಜಿಲ್ಲಾಡಳಿತಕ್ಕೂ ನಡುವೆ ಓಡಾಡುವುದು ಈ ಅಧಿಕಾರಿಯ ಪಾಲಿನದು.

ನಮ್ಮಲ್ಲೇ ಹೋಲಿಕೆ ಬೇಕಿದ್ದರೆ ನಾನು ಊರ ತಕ್ಕರನ್ನು, ಅಂದರೆ ಕೊಡವರ ಊರ ಮುಖ್ಯಸ್ಥರನ್ನು, ನೆನೆಯುತ್ತೇನೆ. ತಕ್ಕರ ಕೈಯಲ್ಲಿ ಲಾಠಿ ಇಲ್ಲ, ಬೀಗ ಇಲ್ಲ. ಆದರೂ ಅವರು ನಿಂತು ಒಂದು ಮಾತು ಹೇಳಿದರೆ ಊರ ಮೈದಾನವಾದ ಮಂದ್‌ನಲ್ಲಿ ಗದ್ದಲ ಇಳಿಯುತ್ತದೆ. ಒಂದೇ ವ್ಯತ್ಯಾಸ: ತಕ್ಕತನ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ತಲೆಮಾರಿನಿಂದ ಬರುವಂಥದ್ದು, ಮಾತಿಗೆ ಅಜ್ಜಂದಿರ ತೂಕವಿರುತ್ತದೆ. ಈ ಮನುಷ್ಯ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದವನು. ಆ ತೂಕವನ್ನು ಹೊಸ ಊರಲ್ಲಿ ಪ್ರತಿಸಲ ಮೊದಲಿಂದ ಸಂಪಾದಿಸಬೇಕು.

ಜಮೀನಿನ ವಿಷಯ ಬಂದಾಗ ಈ ಕಷ್ಟ ಚೆನ್ನಾಗಿ ಕಾಣುತ್ತದೆ. 1960–61ರಲ್ಲಿ ಮೊದಲ ತಂಡ ಬಂದಾಗ ಆಗಿನ ಮೈಸೂರು ರಾಜ್ಯ ಕೊಟ್ಟ ಮೂರು ಸಾವಿರದಷ್ಟು ಎಕರೆ ಬರೀ ಕಾಡು. ಡೇರೆಯಲ್ಲಿ ವಾಸ, ರಾತ್ರಿ ಆನೆ. (ಆನೆಯ ಬಗ್ಗೆ ಕೊಡಗಿನವರಿಗೆ ಹೇಳುವುದೇನಿದೆ.) 1969ರಲ್ಲಿ ಪಕ್ಕದಲ್ಲೇ ಎರಡನೆಯ ನೆಲೆ ಆಯಿತು. ಈ ನೆಲ ಇಂದಿಗೂ ರಾಜ್ಯ ಸರ್ಕಾರದ್ದು. ಉಳುವವರಿಗೆ ಮಾರುವ ಹಕ್ಕಿಲ್ಲ. ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆ ಪತ್ರ ಮಾಡಿಕೊಡಿ ಎಂದಿತು. ಒಂದು ಮನೆಯಲ್ಲಿ ಮೂವರು ಮಕ್ಕಳು: ಒಬ್ಬ ಕೆನಡಾ, ಒಬ್ಬ ಸೆರಾದಲ್ಲಿ ಭಿಕ್ಷು, ಮೂರನೆಯವಳು ಬೆಂಗಳೂರಿನಲ್ಲಿ ನರ್ಸ್. ಅಪ್ಪ ತೀರಿಕೊಂಡರೆ ಹೊಲ ಯಾರಿಗೆ? ಇಂಥ ಕಡತಕ್ಕೆ ಕೋರ್ಟಿಗಿಂತ ಮೊದಲು ಇವರ ಮೇಜೇ ಗತಿ.

ಆ ಮೇಜಿನ ಎದುರು ಒಮ್ಮೆ ಒಂದು ಬೆಳಗ್ಗೆಯೆಲ್ಲ ಕೂತಿದ್ದೆ, ಬೇರೊಂದು ಲೇಖನದ ಕೆಲಸಕ್ಕೆ. ಮಳೆ ಹಿಡಿದಿತ್ತು, ಬಾಗಿಲ ಬಳಿ ಕೊಡೆಗಳ ನೀರು ಹರಿದು ಬೆಂಚಿನ ಕೆಳಗೆ ಬರುತ್ತಿತ್ತು. ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಚುಬಾ ಎಂಬ ಟಿಬೆಟನ್ ನಿಲುವಂಗಿಯ ಒಳಗಿಂದ ಪ್ಲಾಸ್ಟಿಕ್ ಚೀಲ, ಅದರೊಳಗಿಂದ ಬಟ್ಟೆಯ ಗಂಟು, ಗಂಟಿನೊಳಗಿಂದ ಆರ್‌ಸಿ ಪುಸ್ತಕ ತೆಗೆದರು. ಆರ್‌ಸಿ ಅಂದರೆ ಗಾಡಿಯದ್ದಲ್ಲ, ವಿದೇಶಿಯರ ನೋಂದಣಿ ಪತ್ರ. ಹಿಂದೆ ವರ್ಷ ವರ್ಷ ನವೀಕರಿಸಬೇಕಿತ್ತು, ಈಗ ಹೆಚ್ಚಿನವರಿಗೆ ಐದು ವರ್ಷಕ್ಕೊಮ್ಮೆ. ಇಲ್ಲೇ ಅರವತ್ತು ವರ್ಷ ಜೋಳ ಬೆಳೆದವರೂ ಆ ಪುಸ್ತಕದ ಪ್ರಕಾರ ವಿದೇಶಿಯರು. ಅಜ್ಜಿಯ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಸಾಹೇಬರು ಬೈಯಲಿಲ್ಲ. ಫ್ಲಾಸ್ಕಿನಿಂದ ಬೆಣ್ಣೆ ಚಹಾ ಸುರಿದು ಅವರ ಮುಂದಿಟ್ಟು, ಫಾರಂ ತಾವೇ ತುಂಬಿದರು. ಮೈಸೂರಿನ ಪೊಲೀಸ್ ಕಚೇರಿಗೆ ಫೋನ್ ಹಚ್ಚಿ ಕನ್ನಡದಲ್ಲಿ, ನಮ್ಮ ಪಿರಿಯಾಪಟ್ಟಣದ ಕಡೆಯ ಧಾಟಿಯಲ್ಲೇ, ‘ವಯಸ್ಸಾದೋರು ಸಾರ್, ಮರ್ತೋಗಿದ್ದಾರೆ, ನಾನೇ ಕರ್ಕೊಂಡ್ ಬತ್ತೀನಿ’ ಅಂದರು.

ನಿಮ್ಮ ಮೈಸೂರು ಪ್ರಯಾಣದ ಖರ್ಚು ಯಾರು ಕೊಡುತ್ತಾರೆ ಎಂದು ನಾನು ಕೇಳಿದೆ. ಅವರು ನಕ್ಕು, ಮೇಜಿನ ಖಾನೆ ಎಳೆದು, ಅಂಥದ್ದೇ ಇನ್ನೊಂದು ಪುಸ್ತಕ ತೆಗೆದು ಅಜ್ಜಿಯ ಪುಸ್ತಕದ ಮೇಲಿಟ್ಟರು. ಅದರ ಮೇಲಿದ್ದದ್ದು ಅವರದೇ ಫೋಟೊ. ‘ನಂದೂ ಈ ತಿಂಗಳೇ ಮುಗೀತದೆ,’ ಅಂದರು. ‘ಹೆಂಗೂ ಹೋಗ್ಲೇಬೇಕಲ್ಲ.’