ನಿಮ್ಮ ಕಥೆ ಏಳನೆಯ ಪುಟದಲ್ಲಿದೆ

ಪ್ರಿಯ ಲೇಖಕರೆ,

ನೀವು ಕಳುಹಿಸಿದ ‘ಐದು ಮೆಟ್ಟಿಲು’ ಕಥೆಯನ್ನು ಎರಡು ಬಾರಿ ಓದಿದೆ. 2021ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೋವಿಡ್‌ನಿಂದ ತೀರಿಕೊಂಡ ನಿಮ್ಮ ತಂದೆಯವರ ಕುರಿತಾದ ಬರಹವಿದು, ಹೆಸರುಗಳನ್ನಷ್ಟೇ ಬದಲಿಸಿದ್ದೇನೆ, ಮುಲಾಜಿಲ್ಲದೆ ಅಭಿಪ್ರಾಯ ತಿಳಿಸಿ ಎಂದು ಜೊತೆಗಿದ್ದ ಪತ್ರದಲ್ಲಿ ಬರೆದಿದ್ದೀರಿ. ಇಂಥ ಬರಹದ ವಿಷಯದಲ್ಲಿ ಮುಲಾಜು ಬಿಡುವುದು ಸುಲಭವಲ್ಲ, ಏಕೆಂದರೆ ಕಥೆ ಸೋತಿದೆ ಎಂದರೆ ದುಃಖವೇ ಸುಳ್ಳೆಂದು ಹೇಳಿದಂತೆ ಕೇಳಿಸುತ್ತದೆ. ನಿಮ್ಮ ದುಃಖದ ಬಗ್ಗೆ ಮಾತನಾಡುವ ಹಕ್ಕು ನನಗಿಲ್ಲ. ಹದಿನಾಲ್ಕು ಪುಟಗಳ ಬರಹದ ಬಗ್ಗೆ ಮಾತ್ರ ಹೇಳುತ್ತೇನೆ: ಈಗಿರುವ ರೂಪದಲ್ಲಿ ಅದನ್ನು ನಾವು ಪ್ರಕಟಿಸಲಾರೆವು. ಆದರೆ ಅದರೊಳಗೆ ಎರಡೇ ವಾಕ್ಯಗಳಲ್ಲಿ ಅಡಗಿ ಕುಳಿತಿರುವ ಇನ್ನೊಂದು ಕಥೆಯನ್ನು ನೀವು ಬರೆದರೆ ಮೊದಲು ಓದಲು ನಾನು ಕಾದಿರುತ್ತೇನೆ.

ಮೊದಲು ಕಥೆಯ ಕಟ್ಟಡದ ಮಾತು. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಎಂದು ಐದು ಭಾಗ ಮಾಡಿ, ಕಥಾನಾಯಕನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ, ಕೊನೆಗೆ ತಂದೆಯ ಫೋಟೊದ ಮುಂದೆ ಮುಗುಳ್ನಗುತ್ತ ನಿಲ್ಲಿಸಿದ್ದೀರಿ. ಈ ಐದರ ಪಟ್ಟಿಯನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವರು 1969ರಲ್ಲಿ ಮುಂದಿಟ್ಟದ್ದು ಷಿಕಾಗೊದಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ನಡೆಸಿದ ಮಾತುಕತೆಗಳ ಆಧಾರದ ಮೇಲೆ. ಅಂದರೆ ಅದು ಮೊದಲಿಗೆ ಸಾಯುತ್ತಿರುವವರ ಮನಸ್ಸಿನ ವಿವರಣೆಯಾಗಿತ್ತೇ ಹೊರತು ಉಳಿದವರದಾಗಿರಲಿಲ್ಲ. ಅದನ್ನು ಬಂಧುಗಳನ್ನು ಕಳೆದುಕೊಂಡವರ ಶೋಕಕ್ಕೂ ಅನ್ವಯಿಸುವ ರೂಢಿ ಬೆಳೆದ ಮೇಲೆ, ಈ ಹಂತಗಳು ಅಸ್ತವ್ಯಸ್ತವಾದ ಭಾವನೆಗಳನ್ನು ಅಚ್ಚುಕಟ್ಟಾಗಿ ಪೊಟ್ಟಣ ಕಟ್ಟಲು ಉದ್ದೇಶಿಸಿದವಲ್ಲ ಎಂದು ಸ್ವತಃ ಅವರೇ ಕಡೆಗಾಲದಲ್ಲಿ ಸ್ಪಷ್ಟಪಡಿಸಬೇಕಾಯಿತು. ನೀವು ಪೊಟ್ಟಣವನ್ನೇ ಕಟ್ಟಿದ್ದೀರಿ. ಎರಡನೆಯ ಭಾಗದಲ್ಲಿ ಕೋಪ ಬರಲೇಬೇಕು ಎಂಬ ಒಂದೇ ಕಾರಣಕ್ಕೆ ನಾಯಕ ವಾರ್ಡಿನ ನರ್ಸ್ ಮೇಲೆ ಕೂಗಾಡುತ್ತಾನೆ. ಆ ನರ್ಸ್ ಕಲ್ಲೆದೆಯವಳಾಗಿರುವುದೂ ಆತ ಕೂಗಾಡುವುದಕ್ಕೆ ಅನುಕೂಲವಾಗಲಿ ಎಂದೇ. ಪಿಪಿಇ ಕಿಟ್ಟಿನೊಳಗೆ ಬೆವರುತ್ತ, ಪಾಳಿ ಮುಗಿದರೂ ಮನೆಗೆ ಹೋಗಲಾಗದೆ ನಿಂತಿದ್ದ ಹೆಣ್ಣುಮಗಳೊಬ್ಬಳು ನಿಮ್ಮ ಕಣ್ಣಿಗೆ ನಿಜವಾಗಿ ಬಿದ್ದಿದ್ದರೆ ಈ ಭಾಗ ಹೀಗೆ ಇರುತ್ತಿರಲಿಲ್ಲ.

ಇನ್ನು ಏಳನೆಯ ಪುಟ. ಆಸ್ಪತ್ರೆಯವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಟ್ಟ ತಂದೆಯ ವಸ್ತುಗಳಲ್ಲಿ ಒಂದು ವಾಚು, ಒಂದು ಮೊಬೈಲು, ಕಡ್ಡಿಗೆ ದಾರ ಸುತ್ತಿದ್ದ ಒಂದು ಕನ್ನಡಕ ಇದ್ದವು, ಆದರೆ ಕನ್ನಡಕ ಅಪ್ಪನದಾಗಿರಲಿಲ್ಲ ಎಂದು ಬರೆದಿದ್ದೀರಿ. ಅಮ್ಮ ಅದನ್ನು ಸೆರಗಿನಿಂದ ಒರೆಸಿ ಅಪ್ಪನ ಫೋಟೊದ ಪಕ್ಕದಲ್ಲಿಟ್ಟಳು, ಅದಕ್ಕೆ ನಾನು ಜಗಳವಾಡಿದೆ, ಆಮೇಲೆ ಸಮಾಧಾನವಾಯಿತು ಎನ್ನುವ ಇನ್ನೊಂದು ವಾಕ್ಯದೊಂದಿಗೆ ಆ ಪ್ರಸಂಗವೇ ಮುಗಿದುಹೋಗುತ್ತದೆ. ಇಲ್ಲಿ ನಾನು ಓದು ನಿಲ್ಲಿಸಿ ಎದ್ದು ಓಡಾಡಿದೆ. ಯಾರದೋ ಅಪ್ಪನ ಕನ್ನಡಕ ನಿಮ್ಮ ಮನೆಯ ದೇವರ ಗೂಡಿನ ಪಕ್ಕ ಕುಳಿತಿದೆ, ನಿಮ್ಮ ಅಪ್ಪನದು ಇನ್ನಾರದೋ ಮನೆಯಲ್ಲಿರಬಹುದು. ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ, ಹಿಂದಿರುಗಿಸೋಣವೆಂದರೆ ವಿಳಾಸವಿಲ್ಲ. ಮುಖ ನೋಡಲು ಬಿಡಲಿಲ್ಲ, ಚಿತಾಗಾರದಲ್ಲಿ ಟೋಕನ್ ಸಂಖ್ಯೆ ಕೂಗಿ ಅಸ್ಥಿ ಕೊಟ್ಟರು, ಆ ಮಡಕೆಯಲ್ಲಿರುವುದು ಅಪ್ಪನೇ ಎಂದು ನಂಬುವುದು ಹೇಗೆ ಎಂದು ನೀವು ಮೂರು ಪುಟಗಳಲ್ಲಿ ಕೇಳಿಕೊಂಡ ಪ್ರಶ್ನೆಯನ್ನು ಆ ಕನ್ನಡಕ ಬಾಯಿ ಬಿಡದೆ ಕೇಳುತ್ತದೆ. ಆ ಬೇಸಿಗೆಯನ್ನು ಕಂಡ ಕನ್ನಡದ ಓದುಗರಿಗೆ ಹಿನ್ನೆಲೆಯನ್ನು ವಿವರಿಸಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ, ಮನೆಯವರು ಒಯ್ಯದೆ ಉಳಿದಿದ್ದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು 2021ರ ಜೂನ್‌ನಲ್ಲಿ ಸರ್ಕಾರವೇ ಕಾವೇರಿಯಲ್ಲಿ ವಿಸರ್ಜಿಸಿದ್ದನ್ನು ಅವರು ಓದಿದ್ದಾರೆ, ನೋಡಿದ್ದಾರೆ. ನಿಮ್ಮ ಮೂರನೆಯ ಭಾಗದಲ್ಲಿ ಬರುವ ಆಕ್ಸಿಜನ್ ಅಭಾವದ ವರದಿ, ಅಂಕಿ ಅಂಶ, ಸುದ್ದಿವಾಹಿನಿಗಳ ಮಾತು ಯಾವುದೂ ಕಥೆಗೆ ಬೇಕಿಲ್ಲ.

ಜಗಳವನ್ನು ಹಾರಿಸಿಬಿಟ್ಟದ್ದು ನನ್ನ ಮಟ್ಟಿಗೆ ಈ ಬರಹದ ದೊಡ್ಡ ತಪ್ಪು. ನೀವು ಅಮ್ಮನಿಗೆ ಏನೆಂದಿರಿ? ಅಮ್ಮ ಏನೆಂದರು? ದುಃಖದ ಮನೆಯಲ್ಲಿ ಜನ ಪರಸ್ಪರ ಅಪ್ಪಿಕೊಂಡು ಅಳುವುದಕ್ಕಿಂತ ಹೆಚ್ಚಾಗಿ ಹಾಲು ಒಡೆದದ್ದಕ್ಕೆ, ಬಾಗಿಲು ಹಾಕದಿದ್ದುದಕ್ಕೆ, ಹನ್ನೊಂದನೆಯ ದಿನಕ್ಕೆ ಯಾರನ್ನು ಕರೆಯಬೇಕು ಎಂಬುದಕ್ಕೆ ಜಗಳವಾಡುತ್ತಾರೆ. ನಾಚಿಕೆಯಾಗುವಂಥ ಮಾತುಗಳನ್ನೂ ಆಡಿಬಿಡುತ್ತಾರೆ. ಆ ಮಾತುಗಳನ್ನು ಬರೆಯಲು ನೀವು ಹಿಂಜರಿದಿದ್ದೀರಿ ಎಂಬುದು ಸ್ಪಷ್ಟ. ಅಲ್ಲಿಂದ ಮುಂದೆ ನಿಮ್ಮ ಭಾಷೆ ಇದ್ದಕ್ಕಿದ್ದಂತೆ ಪುಸ್ತಕದ ಭಾಷೆಯಾಗುತ್ತದೆ, ‘ಕಣ್ಣೀರಿನ ಕೋಡಿ’ ಹರಿಯುತ್ತದೆ, ‘ಹೃದಯ ಚೂರುಚೂರಾಗುತ್ತದೆ’, ಮಳೆಯೂ ಸರಿಯಾದ ಸಮಯಕ್ಕೆ ಸುರಿಯುತ್ತದೆ. ಕಣ್ಣೀರು ಎಂಬ ಪದ ಹತ್ತೊಂಬತ್ತು ಬಾರಿ ಬಂದಿದೆ. (ಎಣಿಸಿದ್ದಕ್ಕೆ ಕ್ಷಮಿಸಿ, ಸಂಪಾದಕರಿಗೆ ಇಂಥ ದುರಭ್ಯಾಸಗಳಿರುತ್ತವೆ.)

ಅಳುವಿನ ಹೆಸರು ಹೇಳದೆ ಅಳುವನ್ನು ತರುವುದು ಹೇಗೆಂದು ಕಲಿಯಲು ಬಹಳ ದೂರ ಹೋಗಬೇಕಾಗಿಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ಭಾಗವನ್ನು ಮತ್ತೊಮ್ಮೆ ತೆರೆದು ನೋಡಿ. ಮಗ ಲಕ್ಷಣಕುಮಾರನ ಶವದ ಮುಂದೆ ನಿಂತಾಗ ಅವನಾಡುವ ಮಾತು ಎದೆ ಒಡೆಯಿತೆಂಬುದಲ್ಲ. ತಂದೆಗೆ ಮಗ ಜಲಾಂಜಲಿ ಕೊಡುವುದು ಉಚಿತ, ಅದು ಕೆಟ್ಟು ಈಗ ನಾನು ನಿನಗೆ ಕೊಡುವಂತಾಯಿತಲ್ಲ, ಮಗನೆ ಹೀಗೆ ಕ್ರಮವನ್ನು ತಿರುಗುಮುರುಗು ಮಾಡಬಹುದೇ ಎಂದು ಅವನು ಕೇಳುತ್ತಾನೆ. ಅದು ಶೋಕಕ್ಕಿಂತ ಹೆಚ್ಚಾಗಿ ಒಂದು ಆಕ್ಷೇಪಣೆ, ಮನೆಯಲ್ಲಿ ತಪ್ಪು ಮಾಡಿದ ಹುಡುಗನನ್ನು ಗದರುವ ಧಾಟಿ. ಮಗ ಸತ್ತಿದ್ದಾನೆ ಎಂಬುದು ಆ ಗದರಿಕೆಗೆ ಇನ್ನೂ ತಿಳಿದಂತಿಲ್ಲ. ನಿಮ್ಮ ಪ್ರಸಂಗದಲ್ಲಿ ಕ್ರಮ ಸರಿಯಾಗಿಯೇ ಇದೆ, ಮಗನೇ ತಂದೆಗೆ ನೀರು ಬಿಡಬೇಕಾಗಿದ್ದದ್ದು. ಆದರೆ ಅದನ್ನು ಮಾಡುವ ಅವಕಾಶವನ್ನು ರೋಗ ಕಿತ್ತುಕೊಂಡಿತು. ಗೋವಿನ ಹಾಡಿನ ಕರುವೂ ಅಷ್ಟೆ, ತಾಯಿ ಹುಲಿಯ ಬಳಿಗೆ ಹೊರಟು ನಿಂತಾಗ ಅದು ಕೇಳುವುದು ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಎಂದು. ಎರಡೂ ದಿನನಿತ್ಯದ ಪ್ರಶ್ನೆಗಳು. ಕನ್ನಡ ಶಾಲೆಯಲ್ಲಿ ಅದನ್ನು ಕೇಳಿ ಗಂಟಲು ಕಟ್ಟದ ಮಗು ಅಪರೂಪ.

ಕಥೆಯ ತಲೆಯ ಮೇಲೆ ನೀವು ಇಟ್ಟಿರುವ, ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಕವಿತೆಯ ಸಾಲನ್ನು ತೆಗೆದುಬಿಡಿ. ಮಗುವನ್ನು ಕಳೆದುಕೊಂಡ ತಂದೆಯೊಬ್ಬ ಹೆಂಡತಿಯ ನೋಟವನ್ನು ಎದುರಿಸಲಾಗದೆ ಬರೆದ ಸಾಲಿನ ಪಕ್ಕದಲ್ಲಿ ನನ್ನ ಗದ್ಯವೂ ನಿಲ್ಲುವುದಿಲ್ಲ, ನಿಮ್ಮದೂ ನಿಲ್ಲುವುದಿಲ್ಲ.

ಹಾಗಾದರೆ ಉಳಿದ ಪುಟಗಳು ವ್ಯರ್ಥವೇ ಎಂದು ನೀವು ಕೇಳಬಹುದು. ಅಲ್ಲ, ಅವು ಬೇರೆ ಕೆಲಸಕ್ಕಾಗಿ ಬರೆದವು. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ಅತ್ಯಂತ ನೋವಿನ ಘಟನೆಯ ಬಗ್ಗೆ ಬರೆಯಲು ಹೇಳಲಾಗಿತ್ತು. ಬರೆದ ಕೂಡಲೇ ಅವರಿಗೆ ಮನಸ್ಸು ಇನ್ನಷ್ಟು ಭಾರವಾಯಿತು, ಆದರೆ ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಉಳಿದವರಿಗಿಂತ ಕಡಿಮೆ ಬಾರಿ ವೈದ್ಯರ ಬಳಿಗೆ ಹೋದರು. ಆ ಬರಹಗಳನ್ನು ಅಚ್ಚು ಮಾಡಿಸುವ ಉದ್ದೇಶ ಯಾರಿಗೂ ಇರಲಿಲ್ಲ ಎಂಬುದನ್ನು ನಮ್ಮಂಥವರು ಮರೆಯುತ್ತೇವೆ. ನಿಮ್ಮ ಆ ಪುಟಗಳು ನಿಮ್ಮ ಪೆಟ್ಟಿಗೆಯಲ್ಲಿರಬೇಕಾದವು, ಅವು ಅಲ್ಲಿರಲಿ. ಓದುಗನ ಕೈಗೆ ಕೊಡುವ ಪುಟಕ್ಕೆ ಓದುಗನ ಜಾಗವೂ ಬೇಕು.

ಅಂತ್ಯದ ಬಗ್ಗೆ ಒಂದು ತಕರಾರು. ತಂದೆ ಹೋಗಿ ಮೂರು ವರ್ಷ ಕಳೆದರೂ ಆ ಆಸ್ಪತ್ರೆಯಿರುವ ರಸ್ತೆಯಲ್ಲಿ ಹೋಗಲಾರದೆ ನಾಲ್ಕು ಕಿಲೋಮೀಟರ್ ಸುತ್ತಿ ಕಚೇರಿಗೆ ಹೋಗುವ ನಾಯಕ ಹದಿಮೂರನೆಯ ಪುಟದಲ್ಲಿದ್ದಾನೆ. ಹದಿನಾಲ್ಕನೆಯದರಲ್ಲಿ ‘ಕಾಲವೇ ಎಲ್ಲಕ್ಕೂ ಮದ್ದು’ ಎಂದು ಅವನೇ ನಗುತ್ತಾನೆ. ನಾನು ಮೊದಲನೆಯವನನ್ನು ನಂಬಿದೆ. ನಮ್ಮವರು ವರ್ಷಾಬ್ದಿಕಕ್ಕೆ ಶೋಕದ ಲೆಕ್ಕ ಮುಗಿಸುತ್ತಾರೆ, ಅಮೆರಿಕದ ಮನೋವೈದ್ಯರ ಕೈಪಿಡಿಯೂ 2022ರಿಂದ, ವಯಸ್ಕರಲ್ಲಿ ಒಂದು ವರ್ಷ ಕಳೆದರೂ ದಿನದ ಬದುಕನ್ನು ಬಿಡದೆ ಹಿಡಿದು ನಿಲ್ಲಿಸುವ ಶೋಕವನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತದೆ. ನಾಯಕ ಸುತ್ತು ದಾರಿ ಹಿಡಿದೇ ಕಥೆ ಮುಗಿದರೆ ನನಗೇನೂ ಅಭ್ಯಂತರವಿಲ್ಲ. ಆದರೆ ಸುತ್ತು ದಾರಿ ಹಿಡಿಯುತ್ತಿರುವವರು ನೀವೇ ಆಗಿದ್ದರೆ, ನಿದ್ದೆ ಊಟಗಳೂ ಕೆಟ್ಟಿದ್ದರೆ, ಅದಕ್ಕೆ ಕಥೆ ತಿದ್ದುವುದು ಪರಿಹಾರವಲ್ಲ. ದಯವಿಟ್ಟು ವೈದ್ಯರೊಬ್ಬರನ್ನು ಕಾಣಿರಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಹಸ್ತಪ್ರತಿ ಆರು ತಿಂಗಳು ತಡವಾದರೆ ನಮಗೆ ತೊಂದರೆಯಿಲ್ಲ.

ಮತ್ತೆ ಬರೆಯುವಾಗ ನಾಲ್ಕೈದು ಪುಟ ಸಾಕು. ಕವರನ್ನು ಬಿಚ್ಚಿದ ಸಂಜೆಯಿಂದ ಆರಂಭಿಸಿ, ಜಗಳವನ್ನು ಪೂರ್ತಿ ಬರೆಯಿರಿ, ನಿಮ್ಮ ಮಾತು ನಿಮಗೆ ಅವಮಾನವೆನಿಸುವಂತಿದ್ದರೂ ಮೆದು ಮಾಡಬೇಡಿ. ಆದರೆ ಪ್ರಕಟಣೆಗೆ ಕಳುಹಿಸುವ ಮೊದಲು ಅಮ್ಮನಿಗೆ ಓದಿ ಹೇಳಿ. ಅವರ ಮನೆಯ ಮಾತು ಅವರ ಒಪ್ಪಿಗೆಯಿಲ್ಲದೆ ಊರ ಮಾತಾಗುವುದು ನನಗೆ ಇಷ್ಟವಿಲ್ಲ, ಅವರು ಬೇಡವೆಂದರೆ ನಾನೂ ಕೇಳುವುದಿಲ್ಲ.

ಕೊನೆಯದಾಗಿ ಒಂದು ವಿವರ ಬೇಕಾಗಿದೆ. ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು ಎಂದಷ್ಟೇ ಹೇಳಿದ್ದೀರಿ. ಅದು ಯಾವ ಬಣ್ಣದ ದಾರ, ಹೊಲಿಗೆಯದೋ ಹೂ ಕಟ್ಟುವಂಥದ್ದೋ, ಗಂಟು ಹಾಕಿದ್ದು ಗಂಡಸಿನ ಕೈ ಇರಬಹುದೇ ಹೆಂಗಸಿನ ಕೈ ಇರಬಹುದೇ, ಅಮ್ಮನನ್ನು ಕೇಳಿ ತಿಳಿಸಿ.

ಇಂತಿ ನಿಮ್ಮ,
ಸಂಪಾದಕ